ಬೀಟಾ ಕ್ಷಯದ ಅಳತೆಗಳು ಮತ್ತು ನ್ಯೂಕ್ಲಿಯಸ್ಸಿನ ಒಳರಚನೆ: ಮೂಲಕಣಗಳ ನಿಯಮಗಳನ್ನು ಪರೀಕ್ಷಿಸುವಲ್ಲಿ ತಿದ್ದುಪಡಿಗಳ ಪಾತ್ರ

ವಿಕಿರಣಪಟು ಪರಮಾಣುಗಳ ಬೀಟಾ ಕ್ಷಯವನ್ನು ಅತ್ಯಂತ ನಿಖರವಾಗಿ ಅಳೆದು, ಅದರ ಮೂಲಕ ಕ್ವಾರ್ಕ್ ಮೊದಲಾದ ಮೂಲಕಣಗಳ ನಿಯಮಗಳು ಸರಿಯೇ ಎಂದು ಪರಿಶೀಲಿಸುವ ಕಾರ್ಯವು ಹಲವು ದಶಕಗಳಿಂದ ನಡೆದು ಬಂದಿದೆ. ಪರೀಕ್ಷೆಗೆ ಒಳಪಡುವುದು ಕ್ವಾರ್ಕುಗಳ ನಿಯಮ. ಆದರೆ ಅಳತೆ ನಡೆಯುವುದು ಹತ್ತಾರು ಪ್ರೋಟಾನ್ ಮತ್ತು ನ್ಯೂಟ್ರಾನ್‌ಗಳು ಒತ್ತಾಗಿ ಸೇರಿರುವ ನ್ಯೂಕ್ಲಿಯಸ್ಸಿನೊಳಗೆ. ಈ ಕಾರಣದಿಂದ ನ್ಯೂಕ್ಲಿಯಸ್ಸಿನ ಒಳರಚನೆಯು ಅಳತೆಯ ಫಲಿತಾಂಶವನ್ನು ಎಷ್ಟು ಬದಲಿಸುತ್ತದೆ ಎಂಬುದನ್ನು ಲೆಕ್ಕಹಾಕಿ ಕಳೆಯದ ಹೊರತು ಯಾವ ತೀರ್ಮಾನಕ್ಕೂ ಬರಲಾಗದು. ಈ ಲೆಕ್ಕ ಹೇಗೆ ನಡೆಯುತ್ತದೆ, ಅದರ ಮೇಲೆ ಇಂದು ಏನು ಅವಲಂಬಿಸಿದೆ ಎಂಬುದನ್ನು ಸಾರ್ವಜನಿಕರ ಮಾಹಿತಿಗಾಗಿ ಈ ಪುಟದಲ್ಲಿ ವಿವರಿಸಲಾಗಿದೆ. ವಿಕಿರಣ ಸಂಬಂಧಿತ ಸೇವೆಗಳಿಗೆ ಅರ್ಜಿ ಸಲ್ಲಿಸುವವರು ತಿಳಿದಿರಬೇಕಾದ ಅಂಶಗಳನ್ನು ಪುಟದ ಕೊನೆಯ ಭಾಗದಲ್ಲಿ ನೀಡಲಾಗಿದೆ.

ಬೀಟಾ ಕ್ಷಯ ಎಂದರೇನು?

ನ್ಯೂಕ್ಲಿಯಸ್ಸಿನಲ್ಲಿರುವ ಒಂದು ನ್ಯೂಟ್ರಾನ್ ಪ್ರೋಟಾನ್ ಆಗಿ ಮಾರ್ಪಟ್ಟು, ಒಂದು ಎಲೆಕ್ಟ್ರಾನ್ ಮತ್ತು ಒಂದು ಪ್ರತಿನ್ಯೂಟ್ರಿನೋ ಹೊರಬೀಳುವ ಪ್ರಕ್ರಿಯೆಗೆ ಬೀಟಾ ಕ್ಷಯ ಎಂದು ಹೆಸರು. ಇದರ ಇನ್ನೊಂದು ಬಗೆಯಲ್ಲಿ ಪ್ರೋಟಾನ್ ನ್ಯೂಟ್ರಾನ್ ಆಗಿ, ಪಾಸಿಟ್ರಾನ್ ಮತ್ತು ನ್ಯೂಟ್ರಿನೋ ಹೊರಬರುತ್ತವೆ. ಆಸ್ಪತ್ರೆಗಳಲ್ಲಿ ನಡೆಯುವ ಪೆಟ್ ಸ್ಕ್ಯಾನ್‌ಗೆ ಬಳಸುವ ಫ್ಲೋರಿನ್-18 ಈ ಎರಡನೆಯ ಬಗೆಗೆ ಸೇರಿದ್ದು, ಅದರ ಅರ್ಧಾಯುಷ್ಯ ಸುಮಾರು 110 ನಿಮಿಷಗಳು. ಅರ್ಧಾಯುಷ್ಯವೆಂದರೆ ಒಂದು ಮಾದರಿಯಲ್ಲಿರುವ ಪರಮಾಣುಗಳಲ್ಲಿ ಅರ್ಧದಷ್ಟು ಕ್ಷಯ ಹೊಂದಲು ಬೇಕಾಗುವ ಕಾಲ.

ಪ್ರೋಟಾನ್ ಮತ್ತು ನ್ಯೂಟ್ರಾನ್‌ಗಳು ಕ್ವಾರ್ಕ್ ಎಂಬ ಕಣಗಳಿಂದಾದವು. ಬೀಟಾ ಕ್ಷಯದಲ್ಲಿ ನಿಜವಾಗಿ ನಡೆಯುವುದು ‘ಡೌನ್’ ಎಂಬ ಕ್ವಾರ್ಕ್ ‘ಅಪ್’ ಎಂಬ ಕ್ವಾರ್ಕ್ ಆಗುವುದು, ಇಲ್ಲವೇ ಅದರ ವಿಪರ್ಯಯ. ಈ ಮಾರ್ಪಾಟಿಗೆ ಕಾರಣವಾದುದು ದುರ್ಬಲ ಬಲ. ಇಟಲಿಯ ವಿಜ್ಞಾನಿ ಎನ್ರಿಕೊ ಫರ್ಮಿ 1934ರಲ್ಲಿ ಇದಕ್ಕೆ ಮೊದಲ ಗಣಿತ ಸಿದ್ಧಾಂತವನ್ನು ನೀಡಿದರು.

ಒಂದೇ ಬಲ, ಎರಡು ಪೊಟಾಶಿಯಂಗಳು

ಒಳರಚನೆಯ ಪ್ರಭಾವ ಎಷ್ಟೆಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಬಾಳೆಹಣ್ಣು, ಎಳನೀರು, ರಾಗಿ ಮೊದಲಾದವುಗಳಿಂದ ಮನುಷ್ಯನ ದೇಹಕ್ಕೆ ಪೊಟಾಶಿಯಂ ಸೇರುತ್ತದೆ. ವಯಸ್ಕನೊಬ್ಬನ ದೇಹದಲ್ಲಿ ಸುಮಾರು 140 ಗ್ರಾಂ ಪೊಟಾಶಿಯಂ ಇರುತ್ತದೆ. ಅದರಲ್ಲಿ ಹತ್ತು ಸಾವಿರಕ್ಕೆ ಒಂದಕ್ಕಿಂತ ತುಸು ಹೆಚ್ಚು ಪರಮಾಣುಗಳು ವಿಕಿರಣಪಟುವಾದ ಪೊಟಾಶಿಯಂ-40. ದೇಹದೊಳಗೆ ಪ್ರತಿ ಸೆಕೆಂಡಿಗೆ ಇವುಗಳಲ್ಲಿ ಸುಮಾರು 4,000 ಪರಮಾಣುಗಳು ಕ್ಷಯ ಹೊಂದುತ್ತಲೇ ಇರುತ್ತವೆ. ಇದು ಸಹಜವಾದುದು, ಆತಂಕಕ್ಕೆ ಕಾರಣವಿಲ್ಲ. ಪೊಟಾಶಿಯಂ-40ರ ಅರ್ಧಾಯುಷ್ಯ ಸುಮಾರು 125 ಕೋಟಿ ವರ್ಷಗಳು.

ಅದೇ ಪೊಟಾಶಿಯಂನ ಇನ್ನೊಂದು ಐಸೊಟೋಪ್ ಪೊಟಾಶಿಯಂ-38. ವೇಗೋತ್ಕರ್ಷಕಗಳಲ್ಲಿ ತಯಾರಿಸಲಾಗುವ ಇದರ ಒಂದು ಉದ್ರಿಕ್ತ ಸ್ಥಿತಿಯು ಒಂದು ಸೆಕೆಂಡಿಗೂ ಕಡಿಮೆ ಅವಧಿಯಲ್ಲಿ, ಅಂದರೆ 0.92 ಸೆಕೆಂಡಿನಲ್ಲಿ ಅರ್ಧಕ್ಕೆ ಇಳಿಯುತ್ತದೆ. ಎರಡರಲ್ಲೂ 19 ಪ್ರೋಟಾನ್‌ಗಳೇ, ಎರಡರ ಮೇಲೂ ಕೆಲಸ ಮಾಡುವುದು ಅದೇ ದುರ್ಬಲ ಬಲವೇ. ಹೀಗಿರುವಾಗ ಒಂದು ಸೆಕೆಂಡಿಗೂ ನೂರು ಕೋಟಿ ವರ್ಷಕ್ಕೂ ಇರುವ ಅಂತರ ಎಲ್ಲಿಂದ ಬಂದಿತು?

ಸ್ವಲ್ಪ ಭಾಗ ಶಕ್ತಿಯಿಂದ ಬಂದಿದೆ. ಬಿಡುಗಡೆಯಾಗುವ ಶಕ್ತಿ ಹೆಚ್ಚಿದಂತೆ ಕ್ಷಯದ ದರವು ಸ್ಥೂಲವಾಗಿ ಅದರ ಐದನೆಯ ಘಾತದಂತೆ ಏರುತ್ತದೆ. ಆದರೆ ಬಹುಪಾಲು ಬಂದಿರುವುದು ರಚನೆಯಿಂದಲೇ. ಪೊಟಾಶಿಯಂ-40 ತನ್ನ ಸ್ಪಿನ್ ಎಂಬ ಗಿರಕಿ ಗುಣವನ್ನು 4 ಮಾನಗಳಿಂದ ಸೊನ್ನೆಗೆ ಇಳಿಸಿಕೊಂಡು ಕ್ಯಾಲ್ಶಿಯಂ-40 ಆಗಬೇಕು. ಹೊರಬೀಳುವ ಎರಡು ಹಗುರ ಕಣಗಳು ಅಷ್ಟೊಂದು ಗಿರಕಿಯನ್ನು ಹೊತ್ತೊಯ್ಯುವುದು ಬಹಳ ಕಷ್ಟ. ಪೊಟಾಶಿಯಂ-38ರ ಸದರಿ ಸ್ಥಿತಿಯ ಸ್ಪಿನ್ ಸೊನ್ನೆ, ಅದು ಸೇರುವ ಆರ್ಗಾನ್-38ರ ಸ್ಪಿನ್ ಸಹ ಸೊನ್ನೆ. ಅಲ್ಲಿ ಅಡ್ಡಿಯೇ ಇಲ್ಲ. ಹೀಗೆ ಅರ್ಧಾಯುಷ್ಯವೆಂಬ ಒಂದೇ ಸಂಖ್ಯೆಯಲ್ಲಿ ಮೂಲಬಲದ ಪ್ರಮಾಣವೂ ನ್ಯೂಕ್ಲಿಯಸ್ಸಿನ ರಚನೆಯೂ ಬೆರೆತಿರುತ್ತವೆ. ಇವೆರಡನ್ನು ಬೇರ್ಪಡಿಸುವುದೇ ಈ ಕ್ಷೇತ್ರದ ಮುಖ್ಯ ಕೆಲಸ.

ರಚನೆ ಅಡ್ಡಬಾರದಂತೆ ಯೋಜಿಸಿದ ಪ್ರಯೋಗಗಳು

ಕೆಲವು ಪ್ರಶ್ನೆಗಳಿಗೆ ರಚನೆಯ ಲೆಕ್ಕವನ್ನೇ ಮಾಡದೆ ಉತ್ತರ ಪಡೆಯಬಹುದು. ಪ್ರಕೃತಿಯ ನಿಯಮಗಳು ಎಡ ಮತ್ತು ಬಲಗಳ ನಡುವೆ ಭೇದ ಮಾಡುತ್ತವೆಯೇ ಎಂಬ ಪ್ರಶ್ನೆಯನ್ನು ಲೀ ಮತ್ತು ಯಾಂಗ್ ಎಂಬ ವಿಜ್ಞಾನಿಗಳು 1956ರಲ್ಲಿ ಎತ್ತಿದರು. ಕೊಲಂಬಿಯಾ ವಿಶ್ವವಿದ್ಯಾಲಯದ ಚಿಯೆನ್-ಷಿಯುಂಗ್ ವೂ ಅವರು ವಾಷಿಂಗ್ಟನ್ನಿನ ರಾಷ್ಟ್ರೀಯ ಮಾನಕ ಸಂಸ್ಥೆಯ ತಂಡದೊಂದಿಗೆ 1956-57ರಲ್ಲಿ ಇದನ್ನು ಪರೀಕ್ಷಿಸಿದರು. ಕೋಬಾಲ್ಟ್-60ರ ಪರಮಾಣುಗಳನ್ನು ನಿರಪೇಕ್ಷ ಸೊನ್ನೆಯ ಸಮೀಪಕ್ಕೆ ತಣಿಸಿ, ಅವುಗಳ ಸ್ಪಿನ್‌ಗಳನ್ನು ಒಂದೇ ದಿಕ್ಕಿಗೆ ತಿರುಗಿಸಿದಾಗ, ಎಲೆಕ್ಟ್ರಾನ್‌ಗಳು ಸ್ಪಿನ್ನಿನ ವಿರುದ್ಧ ದಿಕ್ಕಿನಲ್ಲಿ ಹೆಚ್ಚಾಗಿ ಹೊರಬಿದ್ದವು. ಎಡಬಲಗಳ ಸಮಾನತೆ ಮುರಿದಿತ್ತು.

ಇಲ್ಲಿ ಗಮನಿಸಬೇಕಾದುದು ಕೋಬಾಲ್ಟ್-60ರ ಆಯ್ಕೆ. ಅದರ ಕ್ಷಯ ಒಂದೇ ಶುದ್ಧ ಬಗೆಯದು. ರಚನೆಯು ಕ್ಷಯದ ಒಟ್ಟು ದರವನ್ನು ತಗ್ಗಿಸುತ್ತದೆ, ನಿಜ. ಆದರೆ ಒಂದು ದಿಕ್ಕಿನ ಎಣಿಕೆಯನ್ನು ಇನ್ನೊಂದು ದಿಕ್ಕಿನ ಎಣಿಕೆಯೊಂದಿಗೆ ಹೋಲಿಸಿದಾಗ ಆ ತಗ್ಗುವಿಕೆ ಎರಡೂ ಕಡೆ ಸಮನಾಗಿದ್ದು ವಜಾ ಆಗುತ್ತದೆ. ಹೀಲಿಯಂ-6ರ ಪ್ರಯೋಗಗಳಲ್ಲೂ ಇದೇ ಅನುಕೂಲವಿದೆ.

ಈ ಪ್ರಸಂಗಕ್ಕೆ ಕರ್ನಾಟಕದೊಂದಿಗೆ ಸಂಬಂಧವಿರುವ ಒಬ್ಬ ವಿಜ್ಞಾನಿಯ ಹೆಸರು ಸೇರಿಕೊಂಡಿದೆ. ಕೇರಳದಲ್ಲಿ ಜನಿಸಿದ ಇ.ಸಿ.ಜಿ. ಸುದರ್ಶನ್ ಅವರು ಅಮೆರಿಕದ ರೋಚೆಸ್ಟರ್‌ನಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ, 1957ರಲ್ಲಿ, ತಮ್ಮ ಮಾರ್ಗದರ್ಶಕರಾದ ರಾಬರ್ಟ್ ಮಾರ್ಷಕ್ ಅವರೊಡನೆ ದುರ್ಬಲ ಬಲದ ಸರಿಯಾದ ಸ್ವರೂಪವನ್ನು ಪ್ರತಿಪಾದಿಸಿದರು. ಆಗ ಪ್ರಕಟವಾಗಿದ್ದ ಕೆಲವು ಪ್ರಯೋಗಗಳು, ಹೀಲಿಯಂ-6ರ ಒಂದು ಪ್ರಯೋಗವೂ ಸೇರಿದಂತೆ, ಈ ಸಿದ್ಧಾಂತಕ್ಕೆ ವಿರುದ್ಧವಾಗಿದ್ದವು. ಸಿದ್ಧಾಂತ ಸರಿಯಿದ್ದರೆ ಆ ಪ್ರಯೋಗಗಳು ತಪ್ಪಿರಬೇಕೆಂದು ಅವರು ನೇರವಾಗಿ ಹೇಳಿದರು. ಮರು ಅಳತೆಗಳು ಅವರ ಪರವಾಗಿಯೇ ಬಂದವು. ಹೀಲಿಯಂ-6ರ ನಿಖರ ಅಳತೆ 1963ರಲ್ಲಿ ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದಿಂದ ಪ್ರಕಟವಾಯಿತು. ಸುದರ್ಶನ್ ಅವರು 1970ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೈದ್ಧಾಂತಿಕ ಅಧ್ಯಯನ ಕೇಂದ್ರವನ್ನು ಕಟ್ಟಿದರು. 2018ರಲ್ಲಿ ನಿಧನರಾದರು.

ಆದರೆ ದುರ್ಬಲ ಬಲದ ಸ್ವರೂಪವಲ್ಲದೆ ಅದರ ಪ್ರಮಾಣವೇ ಬೇಕಾದಾಗ ಇಂತಹ ಹೋಲಿಕೆಯ ಅನುಕೂಲ ದೊರೆಯುವುದಿಲ್ಲ. ಆಗ ರಚನೆಯ ಲೆಕ್ಕವನ್ನು ಎದುರಿಸಲೇಬೇಕು.

ಕ್ವಾರ್ಕುಗಳ ಪಾಲುಪಟ್ಟಿ

ಅಪ್ ಕ್ವಾರ್ಕ್ ದುರ್ಬಲ ಬಲದ ಮೂಲಕ ಮೂರು ಕ್ವಾರ್ಕುಗಳೊಂದಿಗೆ ಸಂಬಂಧ ಹೊಂದಿದೆ: ಡೌನ್, ಸ್ಟ್ರೇಂಜ್ ಮತ್ತು ಬಾಟಮ್. ಈ ಸಂಬಂಧ ಹಂಚಿಹೋಗಿರುವ ರೀತಿಯನ್ನು ಇಟಲಿಯ ಕಬಿಬ್ಬೊ 1963ರಲ್ಲಿಯೂ, ಜಪಾನಿನ ಕೊಬಯಾಶಿ ಮತ್ತು ಮಸ್ಕಾವಾ 1973ರಲ್ಲಿಯೂ ನಿರೂಪಿಸಿದರು. ಜಪಾನಿನ ಇಬ್ಬರಿಗೂ 2008ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಇದುವರೆಗಿನ ತಿಳಿವಳಿಕೆ ಸರಿಯಾಗಿದ್ದರೆ ಮೂರು ಪಾಲುಗಳೂ ಸೇರಿ ಪೂರ್ತಿ ಒಂದಾಗಬೇಕು.

ಇದನ್ನು ಒಂದು ಜಮೀನಿನ ಪಾಲುಪಟ್ಟಿಗೆ ಹೋಲಿಸಬಹುದು. ಪತ್ರದಲ್ಲಿ ಕಾಣಿಸಿದ ಎಲ್ಲ ಹಿಸ್ಸೆಗಳನ್ನು ಅಳೆದು ಕೂಡಿದಾಗ ಒಟ್ಟು ವಿಸ್ತೀರ್ಣ ಬರಬೇಕು. ಕಡಿಮೆ ಬಂದರೆ ಎರಡೇ ಸಾಧ್ಯತೆಗಳು. ಮೋಜಣಿಯಲ್ಲಿ ಎಲ್ಲೋ ಲೋಪವಾಗಿರಬೇಕು, ಇಲ್ಲವೇ ಪತ್ರದಲ್ಲಿ ಹೆಸರಿಲ್ಲದ ಮತ್ತೊಬ್ಬ ಹಕ್ಕುದಾರ ಇರಬೇಕು. ಕಣವಿಜ್ಞಾನದಲ್ಲಿ ಹೆಸರಿಲ್ಲದ ಹಕ್ಕುದಾರನೆಂದರೆ ಇದುವರೆಗೆ ಕಂಡಿರದ ಹೊಸ ಕಣ ಅಥವಾ ಹೊಸ ಬಲ.

ಒಟ್ಟು 10,000 ಪಾಲುಗಳೆಂದು ಭಾವಿಸಿದರೆ, 2020ರ ನಂತರದ ಅಂಕಿಅಂಶಗಳ ಪ್ರಕಾರ ಡೌನ್ ಕ್ವಾರ್ಕಿನದು ಸುಮಾರು 9,482, ಸ್ಟ್ರೇಂಜ್ ಕ್ವಾರ್ಕಿನದು ಸುಮಾರು 503, ಬಾಟಮ್ ಕ್ವಾರ್ಕಿನದು ಒಂದಕ್ಕಿಂತಲೂ ಕಡಿಮೆ. ಕೂಡಿದರೆ ಬರುವುದು 9,985. ಸುಮಾರು 15 ಪಾಲುಗಳು ಸಿಗುತ್ತಿಲ್ಲ. ಅಳತೆಯ ಒಟ್ಟು ಅನಿಶ್ಚಿತತೆ 7 ಪಾಲುಗಳಷ್ಟು ಇರುವುದರಿಂದ ಈ ಕೊರತೆಯನ್ನು ಆಕಸ್ಮಿಕವೆಂದು ತಳ್ಳಿಹಾಕಲು ಕಷ್ಟ, ಹೊಸ ಬಲ ಸಿಕ್ಕಿತೆಂದು ಸಾರಲು ಸಾಲದು. ಸ್ಟ್ರೇಂಜ್ ಕ್ವಾರ್ಕಿನ ಪಾಲನ್ನು ಕೇಯಾನ್ ಎಂಬ ಕಣಗಳ ಕ್ಷಯದಿಂದ ಪಡೆಯಲಾಗುತ್ತದೆ. ಅಲ್ಲಿಯೂ ಎರಡು ಮಾರ್ಗಗಳ ಫಲಿತಾಂಶಗಳು ಪರಸ್ಪರ ಪೂರ್ತಿ ತಾಳೆಯಾಗುತ್ತಿಲ್ಲ. ಆದರೆ ಅತಿ ದೊಡ್ಡ ಪಾಲು ಡೌನ್ ಕ್ವಾರ್ಕಿನದು. ಅದು ಬರುವುದು ನ್ಯೂಕ್ಲಿಯಸ್ಸುಗಳ ಬೀಟಾ ಕ್ಷಯದಿಂದ.

ಅಳತೆಗೆ ಆಯ್ದ ನ್ಯೂಕ್ಲಿಯಸ್ಸುಗಳು

ಈ ಕಾರ್ಯಕ್ಕೆ ಸ್ಪಿನ್ ಸೊನ್ನೆಯಿಂದ ಸೊನ್ನೆಗೆ ನಡೆಯುವ ಕ್ಷಯಗಳನ್ನು ಆರಿಸಿಕೊಳ್ಳಲಾಗಿದೆ. ಕಾರ್ಬನ್-10, ಆಮ್ಲಜನಕ-14, ಅಲ್ಯುಮಿನಿಯಂ-26ರ ಉದ್ರಿಕ್ತ ಸ್ಥಿತಿ, ಮೇಲೆ ಹೇಳಿದ ಪೊಟಾಶಿಯಂ-38, ವನಾಡಿಯಂ-46, ರುಬಿಡಿಯಂ-74 ಮುಂತಾದವು ಈ ಗುಂಪಿನವು. ಇವುಗಳಲ್ಲಿ ಮೂಲ ನ್ಯೂಕ್ಲಿಯಸ್ ಮತ್ತು ಕ್ಷಯದ ನಂತರದ ನ್ಯೂಕ್ಲಿಯಸ್ ಬಹುತೇಕ ಒಂದೇ ಅಚ್ಚಿನವು. ಒಂದು ಪ್ರೋಟಾನ್ ಇದ್ದ ಜಾಗದಲ್ಲಿಯೇ ಒಂದು ನ್ಯೂಟ್ರಾನ್ ಬಂದು ಕೂರುತ್ತದೆ, ಉಳಿದುದೆಲ್ಲ ಹಾಗೆಯೇ ಇರುತ್ತದೆ. ಆದ್ದರಿಂದ ರಚನೆಯ ಪ್ರಭಾವ ಇಲ್ಲಿ ಅತಿ ಕಡಿಮೆ.

ಪ್ರತಿ ನ್ಯೂಕ್ಲಿಯಸ್ಸಿಗೂ ಮೂರು ಅಳತೆಗಳು ಅಗತ್ಯ: ಅರ್ಧಾಯುಷ್ಯ, ಬಿಡುಗಡೆಯಾಗುವ ಶಕ್ತಿ, ಮತ್ತು ಒಟ್ಟು ಕ್ಷಯಗಳಲ್ಲಿ ಎಷ್ಟು ಭಾಗ ಈ ನಿರ್ದಿಷ್ಟ ಮಾರ್ಗದಲ್ಲಿ ನಡೆಯುತ್ತದೆ ಎಂಬುದು. ಶಕ್ತಿಯ ಪರಿಣಾಮವನ್ನು ಲೆಕ್ಕಹಾಕಿ ಬೇರ್ಪಡಿಸಿದಾಗ ‘ಹೋಲಿಕೆಯ ಅರ್ಧಾಯುಷ್ಯ’ ಎಂಬ ಸಂಖ್ಯೆ ಲಭಿಸುತ್ತದೆ. ದುರ್ಬಲ ಬಲದ ಪ್ರಮಾಣ ಎಲ್ಲ ನ್ಯೂಕ್ಲಿಯಸ್ಸುಗಳಲ್ಲೂ ಒಂದೇ ಆಗಿದ್ದು, ರಚನೆಯ ಪ್ರಭಾವ ಪೂರ್ತಿ ಇಲ್ಲದಿದ್ದರೆ ಈ ಸಂಖ್ಯೆಯೂ ಎಲ್ಲೆಡೆ ಒಂದೇ ಆಗಿರಬೇಕು. ವಾಸ್ತವದಲ್ಲಿ ಅದು ಸುಮಾರು 3,040 ಸೆಕೆಂಡುಗಳಿಂದ 3,080 ಸೆಕೆಂಡುಗಳವರೆಗೆ ಹರಡಿಕೊಂಡಿದೆ. ಶೇ. 1ಕ್ಕೂ ಹೆಚ್ಚಿನ ಈ ವ್ಯತ್ಯಾಸವು ಹುಡುಕುತ್ತಿರುವ ಕೊರತೆಗಿಂತ ಹಲವು ಪಟ್ಟು ದೊಡ್ಡದು. ತಿದ್ದುಪಡಿ ಮಾಡದೆ ಮುಂದುವರಿಯಲಾಗದೆಂಬುದು ಇದರಿಂದ ಸ್ಪಷ್ಟ.

ತಿದ್ದುಪಡಿಗಳು ಯಾವುವು?

ಮೊದಲನೆಯದು ವಿದ್ಯುತ್ಕಾಂತೀಯ ತಿದ್ದುಪಡಿ. ಹೊರಬೀಳುವ ಪಾಸಿಟ್ರಾನ್ ಆವೇಶವುಳ್ಳದ್ದಾದ್ದರಿಂದ ಅದು ಫೋಟಾನ್‌ಗಳನ್ನು ಹೊರಸೂಸುತ್ತದೆ, ಹೀರಿಕೊಳ್ಳುತ್ತದೆ. ಇದರ ಬಹುಭಾಗವನ್ನು ಭದ್ರವಾದ ಸಿದ್ಧಾಂತದಿಂದಲೇ ಲೆಕ್ಕಹಾಕಬಹುದು. ಪ್ರಮಾಣ ಸುಮಾರು ಶೇ. 1.5.

ಎರಡನೆಯದು ರಚನೆಗೆ ನೇರವಾಗಿ ಸಂಬಂಧಿಸಿದ್ದು. ಮೇಲೆ ‘ಬಹುತೇಕ ಒಂದೇ ಅಚ್ಚು’ ಎಂದು ಹೇಳಲಾಯಿತು. ತೊಡಕಿರುವುದು ಆ ‘ಬಹುತೇಕ’ ಎಂಬ ಮಾತಿನಲ್ಲಿಯೇ. ಪ್ರೋಟಾನ್‌ಗಳು ಪರಸ್ಪರ ವಿಕರ್ಷಿಸುತ್ತವೆ, ನ್ಯೂಟ್ರಾನ್‌ಗಳಿಗೆ ಆವೇಶವಿಲ್ಲ. ಹೀಗಾಗಿ ನ್ಯೂಕ್ಲಿಯಸ್ಸಿನೊಳಗೆ ಪ್ರೋಟಾನ್ ಇರುವ ಹರಹು ಅದೇ ಸ್ಥಾನದ ನ್ಯೂಟ್ರಾನ್ ಇರುವ ಹರಹಿಗೆ ಕರಾರುವಾಕ್ಕಾಗಿ ಹೊಂದುವುದಿಲ್ಲ. ಒಬ್ಬರ ಅಳತೆಗೆ ಹೊಲಿದ ಅಂಗಿಯನ್ನು ಅವರಷ್ಟೇ ಎತ್ತರದ ಇನ್ನೊಬ್ಬರು ತೊಟ್ಟಂತೆ, ಹೊಂದಿಕೆ ಒಂದಿಷ್ಟು ತಪ್ಪುತ್ತದೆ. ಹೊಂದಿಕೆ ತಪ್ಪಿದಷ್ಟೂ ಕ್ಷಯ ನಿಧಾನವಾಗುತ್ತದೆ. ಈ ತಿದ್ದುಪಡಿಯು ಅತಿ ಹಗುರ ನ್ಯೂಕ್ಲಿಯಸ್ಸುಗಳಲ್ಲಿ ಶೇ. 0.2ರಿಂದ 0.3ರಷ್ಟಿದ್ದು, ಮಧ್ಯಮ ತೂಕದವುಗಳಲ್ಲಿ ಶೇ. 0.6ರಿಂದ 0.8ಕ್ಕೆ ಏರಿ, ರುಬಿಡಿಯಂ-74ರಲ್ಲಿ ಶೇ. 1.5ನ್ನು ಮೀರುತ್ತದೆ.

ಮೂರನೆಯದು ಮೊದಲೆರಡರ ಮಿಶ್ರಣ. ಕ್ಷಯ ಹೊಂದುವ ಕಣದೊಂದಿಗೆ ಅದರ ನೆರೆಯ ಪ್ರೋಟಾನ್ ಮತ್ತು ನ್ಯೂಟ್ರಾನ್‌ಗಳು ಸಹ ವಿದ್ಯುತ್ಕಾಂತೀಯ ಪ್ರಕ್ರಿಯೆಯಲ್ಲಿ ಪಾಲ್ಗೊಳ್ಳುವುದರಿಂದ ಉಂಟಾಗುವ ಪರಿಣಾಮ ಇದು. ಗಾತ್ರದಲ್ಲಿ ಚಿಕ್ಕದು, ಲೆಕ್ಕದಲ್ಲಿ ಕಠಿಣ. ಇಂದಿನ ಅನಿಶ್ಚಿತತೆಯ ಬಹುಭಾಗಕ್ಕೆ ಇದೇ ಕಾರಣ.

ಈ ಲೆಕ್ಕಗಳನ್ನು ಅಮೆರಿಕದ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಜಾನ್ ಹಾರ್ಡಿ ಮತ್ತು ಇಯಾನ್ ಟೌನರ್ ಅವರು ದಶಕಗಳ ಕಾಲ ನಿರ್ವಹಿಸಿ, ಜಗತ್ತಿನ ವಿವಿಧ ಪ್ರಯೋಗಾಲಯಗಳ ಅಳತೆಗಳನ್ನು ಕಾಲಕಾಲಕ್ಕೆ ಪರಿಶೀಲಿಸಿ ಕ್ರೋಡೀಕರಿಸಿದ್ದಾರೆ. ಅವರ 2020ರ ಪರಿಶೀಲನೆಯಲ್ಲಿ 200ಕ್ಕೂ ಹೆಚ್ಚು ಅಳತೆಗಳಿವೆ. ತಿದ್ದುಪಡಿಗಳ ನಂತರ 3,040ರಿಂದ 3,080ರವರೆಗೆ ಚದುರಿದ್ದ ಸಂಖ್ಯೆಗಳು 3,072 ಸೆಕೆಂಡುಗಳ ಸುತ್ತ ಬಂದು ನಿಲ್ಲುತ್ತವೆ. ಬೇರೆ ಬೇರೆ ಗಾತ್ರದ ಇಷ್ಟೊಂದು ನ್ಯೂಕ್ಲಿಯಸ್ಸುಗಳು ಒಂದೇ ಉತ್ತರಕ್ಕೆ ಬಂದಿರುವುದು ಲೆಕ್ಕದ ವಿಶ್ವಾಸಾರ್ಹತೆಗೆ ಬಲವಾದ ಸಾಕ್ಷ್ಯ. ಆದರೂ ಎಲ್ಲದರಲ್ಲಿಯೂ ಸಮನಾಗಿ ನುಸುಳಿರುವ ದೋಷವನ್ನು ಈ ಒಮ್ಮತವು ಹೊರಗೆಡಹಲಾರದೆಂಬುದನ್ನು ಮರೆಯುವಂತಿಲ್ಲ.

ವನಾಡಿಯಂ-46ರ ಪ್ರಸಂಗ

ರಚನೆಯ ಲೆಕ್ಕ ಎಷ್ಟು ಸೂಕ್ಷ್ಮವೆಂಬುದಕ್ಕೆ ವನಾಡಿಯಂ-46 ಉತ್ತಮ ನಿದರ್ಶನ. ಇದರ ಕ್ಷಯದಲ್ಲಿ ಸುಮಾರು 7,050 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬಿಡುಗಡೆಯಾಗುತ್ತದೆ. 2005ರಲ್ಲಿ ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ, ಅಯಾನುಗಳನ್ನು ಕಾಂತಕ್ಷೇತ್ರದಲ್ಲಿ ಹಿಡಿದಿಟ್ಟು ತೂಗುವ ಪೆನ್ನಿಂಗ್ ಟ್ರ್ಯಾಪ್ ಎಂಬ ಸಾಧನದಿಂದ ಅಳೆದಾಗ, ಹಳೆಯ ದಾಖಲೆಗಿಂತ ಸುಮಾರು 2 ಕಿಲೋ ಎಲೆಕ್ಟ್ರಾನ್ ವೋಲ್ಟ್ ಹೆಚ್ಚು ಬಂದಿತು. ಹತ್ತು ಸಾವಿರಕ್ಕೆ ಮೂರರಷ್ಟು ವ್ಯತ್ಯಾಸ ಮಾತ್ರ. ಆದರೆ ಶಕ್ತಿಯ ಐದನೆಯ ಘಾತ ಲೆಕ್ಕಕ್ಕೆ ಬರುವುದರಿಂದ, ವನಾಡಿಯಂ-46 ಉಳಿದವುಗಳ ಸಾಲಿನಿಂದ ಹೊರಗೆ ಹೋಯಿತು. 2006ರಲ್ಲಿ ಫಿನ್ಲೆಂಡಿನ ಯುವಾಸ್ಕುಲಾ ವಿಶ್ವವಿದ್ಯಾಲಯದ ಅಳತೆಯೂ ಹೊಸ ಸಂಖ್ಯೆಯನ್ನೇ ಸಮರ್ಥಿಸಿತು.

ಹೊಸ ಭೌತವಿಜ್ಞಾನದ ಸುಳಿವೇ ಇದು ಎಂಬ ಪ್ರಶ್ನೆ ಆಗ ಎದ್ದದ್ದು ಸಹಜ. ಉತ್ತರ ದೊರೆತದ್ದು ರಚನೆಯಲ್ಲಿ. ವನಾಡಿಯಂ-46ರ ಹೊರಕವಚದಲ್ಲಿರುವ ಕಣಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡು, ಒಳಗಿನ ತಿರುಳನ್ನು ತಟಸ್ಥವೆಂದು ಅದುವರೆಗೆ ಬಿಡಲಾಗಿತ್ತು. ತಿರುಳಿನ ಕೆಲವು ಕಕ್ಷೆಗಳನ್ನೂ ಸೇರಿಸಿ ಟೌನರ್ ಮತ್ತು ಹಾರ್ಡಿ 2008ರಲ್ಲಿ ತಿದ್ದುಪಡಿಯನ್ನು ಮತ್ತೆ ಲೆಕ್ಕಹಾಕಿದಾಗ ವನಾಡಿಯಂ-46 ಮರಳಿ ಸಾಲಿಗೆ ಸೇರಿತು.

ಉತ್ತರ ತಿಳಿದ ಮೇಲೆ ಲೆಕ್ಕವನ್ನು ಸರಿಹೊಂದಿಸಿದಂತಾಗಲಿಲ್ಲವೇ ಎಂಬ ಆಕ್ಷೇಪ ಇಲ್ಲಿ ನ್ಯಾಯವಾದದ್ದೇ. ಅದಕ್ಕೆ ಎರಡು ಸಮಾಧಾನಗಳಿವೆ. ಯಾವ ಕಕ್ಷೆಗಳನ್ನು ಸೇರಿಸಬೇಕೆಂಬುದನ್ನು ಬೀಟಾ ಕ್ಷಯದಿಂದಲ್ಲದೆ ಸ್ವತಂತ್ರ ನ್ಯೂಕ್ಲಿಯರ್ ಪ್ರಯೋಗಗಳ ಆಧಾರದಿಂದ ನಿರ್ಧರಿಸಲಾಯಿತು. ಅಲ್ಲದೆ 2014ರಲ್ಲಿ ಟೆಕ್ಸಸ್‌ನಲ್ಲಿ ಕ್ಯಾಲ್ಶಿಯಂ-38 ಮತ್ತು ಪೊಟಾಶಿಯಂ-38 ಎಂಬ ಪರಸ್ಪರ ಪ್ರತಿಬಿಂಬದಂತಿರುವ ಎರಡು ಕ್ಷಯಗಳನ್ನು ಹೋಲಿಸಲಾಯಿತು. ಇಂತಹ ಜೋಡಿಯಲ್ಲಿ ರಚನೆಯ ತಿದ್ದುಪಡಿಗಳ ವ್ಯತ್ಯಾಸವನ್ನು ನೇರವಾಗಿ ಅಳೆಯಬಹುದು. ಬಳಕೆಯಲ್ಲಿದ್ದ ಎರಡು ಲೆಕ್ಕವಿಧಾನಗಳಲ್ಲಿ ಹಾರ್ಡಿ ಮತ್ತು ಟೌನರ್ ಆಶ್ರಯಿಸಿದ್ದ ವಿಧಾನದ ಕಡೆಗೇ ಫಲಿತಾಂಶ ವಾಲಿತು.

2018ರಿಂದೀಚೆಗೆ ಬದಲಾದ ಚಿತ್ರ

2015ರ ಪರಿಶೀಲನೆಯವರೆಗೆ ಪಾಲುಗಳ ಮೊತ್ತ ಅನಿಶ್ಚಿತತೆಯ ಮಿತಿಯೊಳಗೆ ಪೂರ್ತಿ ಒಂದಾಗುತ್ತಿತ್ತು. 2018ರಲ್ಲಿ ಚಿಯೆನ್-ಯೆಯಾ ಸೆಂಗ್, ಮಿಖಾಯಿಲ್ ಗೋರ್ಚ್‌ಟೈನ್ ಮತ್ತು ಸಹೋದ್ಯೋಗಿಗಳು ಎಲ್ಲ ನ್ಯೂಕ್ಲಿಯಸ್ಸುಗಳಿಗೂ ಸಮಾನವಾದ ವಿದ್ಯುತ್ಕಾಂತೀಯ ತಿದ್ದುಪಡಿಯ ಭಾಗವೊಂದನ್ನು ಹೊಸ ವಿಧಾನದಿಂದ ಲೆಕ್ಕಹಾಕಿದರು. ಅದು ಹಿಂದಿನದಕ್ಕಿಂತ ಹೆಚ್ಚೆಂದು ತಿಳಿದುಬಂದು ಡೌನ್ ಕ್ವಾರ್ಕಿನ ಪಾಲು ಕುಗ್ಗಿತು. ಕೊರತೆ ಕಾಣಿಸಿಕೊಂಡದ್ದು ಆಗ. ಯಾವ ಪ್ರಯೋಗದ ಅಳತೆಯೂ ಬದಲಾಗಿರಲಿಲ್ಲ, ಬದಲಾದುದು ಲೆಕ್ಕ ಮಾತ್ರ ಎಂಬುದು ಗಮನಾರ್ಹ.

ಅದೇ ವಿಧಾನವನ್ನು ನ್ಯೂಕ್ಲಿಯಸ್ಸಿನೊಳಗಿನ ಮೂರನೆಯ ಬಗೆಯ ತಿದ್ದುಪಡಿಗೂ ಅನ್ವಯಿಸಿದಾಗ, ಅದರ ಕೆಲವು ಅಂಶಗಳನ್ನು ಅದುವರೆಗೆ ಪೂರ್ತಿಯಾಗಿ ಪರಿಗಣಿಸಿರಲಿಲ್ಲವೆಂದು ಸ್ಪಷ್ಟವಾಯಿತು. ಪರಿಣಾಮವಾಗಿ 2015ರಲ್ಲಿ 3,072.27 ಸೆಕೆಂಡು, ಅನಿಶ್ಚಿತತೆ 0.72 ಸೆಕೆಂಡು ಎಂದಿದ್ದ ಫಲಿತಾಂಶವು 2020ರಲ್ಲಿ 3,072.24 ಸೆಕೆಂಡು, ಅನಿಶ್ಚಿತತೆ 1.85 ಸೆಕೆಂಡು ಎಂದಾಯಿತು. ಅಳತೆಗಳು ಉತ್ತಮಗೊಳ್ಳುತ್ತಿರುವಾಗ ಅನಿಶ್ಚಿತತೆ ಎರಡೂವರೆ ಪಟ್ಟು ಏರಿದ್ದು ಹಿನ್ನಡೆಯಂತೆ ತೋರಬಹುದು. ಗೊತ್ತಿಲ್ಲದಿರುವುದನ್ನು ಗೊತ್ತಿಲ್ಲವೆಂದು ದಾಖಲಿಸುವ ಪ್ರಾಮಾಣಿಕ ಲೆಕ್ಕವೆಂದು ಇದನ್ನು ಕಾಣುವುದೇ ಸರಿ.

ಈ ಸಂಖ್ಯೆಯಿಂದ ಏನು ತೂಗುತ್ತಿದೆ ಎಂಬುದನ್ನು ಸರಳ ಲೆಕ್ಕದಿಂದ ತಿಳಿಯಬಹುದು. 3,072 ಸೆಕೆಂಡುಗಳು 3,067 ಆದರೆ, ಅಂದರೆ ಕೇವಲ 5 ಸೆಕೆಂಡು ಇಳಿದರೆ, ಕಾಣೆಯಾದ 15 ಪಾಲುಗಳೂ ಸಿಕ್ಕಂತಾಗುತ್ತದೆ. ಮಧ್ಯಮ ತೂಕದ ನ್ಯೂಕ್ಲಿಯಸ್ಸುಗಳ ಎರಡನೆಯ ಬಗೆಯ ತಿದ್ದುಪಡಿಯಲ್ಲಿ ಸುಮಾರು ಕಾಲು ಭಾಗದಷ್ಟು ಕಡಿಮೆ ಲೆಕ್ಕವಾಗಿದ್ದರೂ ಸಾಕು, ಅಲ್ಲಿ ಇಷ್ಟು ವ್ಯತ್ಯಾಸ ಬರುತ್ತದೆ. ಪ್ರೋಟಾನ್ ಮತ್ತು ನ್ಯೂಟ್ರಾನ್‌ಗಳ ಹರಹಿನ ಹೊಂದಿಕೆಯನ್ನು ಎಷ್ಟು ಸರಿಯಾಗಿ ತಿಳಿಯಲಾಗಿದೆ ಎಂಬುದರ ಮೇಲೆ ಹೊಸ ಬಲವೊಂದು ಇದೆಯೇ ಇಲ್ಲವೇ ಎಂಬ ತೀರ್ಪು ನಿಂತಿದೆ.

ಆದ್ದರಿಂದಲೇ ಈಗ ನ್ಯೂಕ್ಲಿಯಸ್ಸುಗಳ ಗಾತ್ರವನ್ನು ಹೊಸದಾಗಿ ಅಳೆಯುವ ಕಾರ್ಯ ನಡೆದಿದೆ. ಅಲ್ಯುಮಿನಿಯಂ-26ರ ಉದ್ರಿಕ್ತ ಸ್ಥಿತಿಯ ಆವೇಶ ತ್ರಿಜ್ಯವನ್ನು ಜಿನೀವಾದ ಸರ್ನ್ ಹಾಗೂ ಫಿನ್ಲೆಂಡಿನ ಯುವಾಸ್ಕುಲಾಗಳಲ್ಲಿ ಲೇಸರ್ ಬಳಸಿ ಅಳೆದು 2023ರಲ್ಲಿ ಪ್ರಕಟಿಸಲಾಯಿತು. ಅದುವರೆಗೆ ಲೆಕ್ಕಗಳಲ್ಲಿ ಬಳಸುತ್ತಿದ್ದುದು ನೆರೆಯ ಐಸೊಟೋಪುಗಳಿಂದ ಅಂದಾಜಿಸಿದ ತ್ರಿಜ್ಯ. ಅಳೆದ ತ್ರಿಜ್ಯಕ್ಕೂ ಅದಕ್ಕೂ ಗಮನಾರ್ಹ ಅಂತರವಿತ್ತು. ಈ ಅಂತರವು ಕೊರತೆಯನ್ನು ತುಸು ತಗ್ಗಿಸುವ ದಿಕ್ಕಿನಲ್ಲಿದೆ, ಆದರೆ ಇದೊಂದರಿಂದಲೇ ಕೊರತೆ ತುಂಬುವುದಿಲ್ಲ. ಇನ್ನೊಂದೆಡೆ, ಕೇವಲ ಹತ್ತು ಕಣಗಳಿರುವ ಕಾರ್ಬನ್-10ಕ್ಕೆ ಮೂಲ ಬಲಗಳಿಂದಲೇ ಆರಂಭಿಸಿ ಗಣಕಯಂತ್ರಗಳಲ್ಲಿ ಪೂರ್ಣ ಲೆಕ್ಕ ಮಾಡುವ ಕೆಲಸ 2024-25ರ ವೇಳೆಗೆ ಫಲ ನೀಡಿದ್ದು, ಮೂರನೆಯ ಬಗೆಯ ತಿದ್ದುಪಡಿಯ ಅನಿಶ್ಚಿತತೆ ಅಲ್ಲಿ ಕಡಿಮೆಯಾಗಿದೆ. ಭಾರವಾದ ನ್ಯೂಕ್ಲಿಯಸ್ಸುಗಳಿಗೆ ಈ ವಿಧಾನವನ್ನು ವಿಸ್ತರಿಸುವುದು ಸುಲಭವಲ್ಲ.

ನ್ಯೂಕ್ಲಿಯಸ್ಸಿಲ್ಲದೆ ಅಳೆಯಬಹುದೇ?

ಸಾಧ್ಯವಿದೆ. ಒಂಟಿ ನ್ಯೂಟ್ರಾನ್ ಸಹ ಕ್ಷಯ ಹೊಂದುತ್ತದೆ, ಅಲ್ಲಿ ನ್ಯೂಕ್ಲಿಯಸ್ಸಿನ ರಚನೆಯ ಪ್ರಶ್ನೆಯೇ ಇಲ್ಲ. ಆದರೆ ನ್ಯೂಟ್ರಾನಿನ ಆಯುಷ್ಯದ ಬಗ್ಗೆಯೇ ಒಮ್ಮತವಿಲ್ಲ. ತಣಿಸಿದ ನ್ಯೂಟ್ರಾನ್‌ಗಳನ್ನು ಪಾತ್ರೆಯಂತಹ ಸಾಧನದಲ್ಲಿ ಕೂಡಿಟ್ಟು ಎಣಿಸಿದ 2021ರ ಪ್ರಯೋಗದಲ್ಲಿ ಸರಾಸರಿ ಆಯುಷ್ಯ 877.75 ಸೆಕೆಂಡು ಬಂದಿತು. ನ್ಯೂಟ್ರಾನ್ ಪುಂಜದಲ್ಲಿ ಹುಟ್ಟುವ ಪ್ರೋಟಾನ್‌ಗಳನ್ನು ಎಣಿಸಿದ 2013ರ ಪ್ರಯೋಗದಲ್ಲಿ 887.7 ಸೆಕೆಂಡು ಬಂದಿತ್ತು. ಸುಮಾರು ಹತ್ತು ಸೆಕೆಂಡಿನ ಈ ಅಂತರಕ್ಕೆ ಕಾರಣ ಇನ್ನೂ ಇತ್ಯರ್ಥವಾಗಿಲ್ಲ. ಪಯಾನ್ ಎಂಬ ಕಣದ ಬೀಟಾ ಕ್ಷಯ ಇನ್ನೂ ಶುದ್ಧವಾದುದು. ಆದರೆ ಹತ್ತು ಕೋಟಿ ಪಯಾನ್‌ಗಳಲ್ಲಿ ಸುಮಾರು ಒಂದು ಮಾತ್ರ ಆ ಮಾರ್ಗ ಹಿಡಿಯುತ್ತದೆ. ಸ್ವಿಟ್ಜರ್ಲೆಂಡಿನ ಪಾಲ್ ಷೆರರ್ ಸಂಸ್ಥೆಯಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಳತೆಯೇ ಇದುವರೆಗಿನ ಅತ್ಯುತ್ತಮವಾದದ್ದು. ನಿಖರತೆಯಲ್ಲಿ ಅದು ನ್ಯೂಕ್ಲಿಯಸ್ಸುಗಳ ಅಳತೆಗೆ ಸರಿಗಟ್ಟದು.

ರಿಯಾಕ್ಟರುಗಳ ನ್ಯೂಟ್ರಿನೋ ಕೊರತೆ

ಇದೇ ಬಗೆಯ ಇನ್ನೊಂದು ಪ್ರಕರಣವನ್ನು ಸಂಕ್ಷೇಪವಾಗಿ ಹೇಳಬಹುದು. ಉತ್ತರ ಕನ್ನಡ ಜಿಲ್ಲೆಯ ಕೈಗಾ ಸೇರಿದಂತೆ ಯಾವುದೇ ಅಣುವಿದ್ಯುತ್ ಕೇಂದ್ರದ ರಿಯಾಕ್ಟರಿನಲ್ಲಿ ವಿದಳನದ ತುಣುಕುಗಳು ಬೀಟಾ ಕ್ಷಯ ಹೊಂದಿ ಅಪಾರ ಸಂಖ್ಯೆಯ ಪ್ರತಿನ್ಯೂಟ್ರಿನೋಗಳನ್ನು ಹೊರಸೂಸುತ್ತವೆ. ಇವು ಭೂಮಿಯನ್ನೇ ಹಾದುಹೋಗಬಲ್ಲವು, ಜೀವಿಗಳಿಗೆ ನಿರಪಾಯಕಾರಿ. 2011ರ ಮರುಲೆಕ್ಕದ ಪ್ರಕಾರ, ವಿವಿಧ ದೇಶಗಳ ರಿಯಾಕ್ಟರುಗಳ ಬಳಿ ಅಳೆದ ಪ್ರತಿನ್ಯೂಟ್ರಿನೋಗಳು ನಿರೀಕ್ಷೆಗಿಂತ ಸುಮಾರು ಶೇ. 6ರಷ್ಟು ಕಡಿಮೆ ಇದ್ದವು. ಕಣ್ಣಿಗೆ ಬೀಳದ ಹೊಸ ನ್ಯೂಟ್ರಿನೋ ಒಂದಿರಬಹುದೆಂಬ ವಾದ ಆಗ ಬಲ ಪಡೆಯಿತು. ಆದರೆ ನಿರೀಕ್ಷಿತ ಸಂಖ್ಯೆಯನ್ನು ನೀಡಿದ ಲೆಕ್ಕವು ನೂರಾರು ತುಣುಕುಗಳ ರಚನೆಯನ್ನು, ಅದರಲ್ಲೂ ಪೊಟಾಶಿಯಂ-40ರಂತೆ ಸ್ಪಿನ್ ಅಡ್ಡಿಯಿರುವ ಕ್ಷಯಗಳನ್ನು, ಅವಲಂಬಿಸಿತ್ತು. ಆಧಾರವಾಗಿದ್ದ ಹಳೆಯ ಎಲೆಕ್ಟ್ರಾನ್ ಅಳತೆಗಳೂ ಪ್ರಶ್ನೆಗೊಳಗಾದವು. ಮಾಸ್ಕೋದ ಕುರ್ಚತೋವ್ ಸಂಸ್ಥೆಯ 2021ರ ಅಳತೆಯು ಯುರೇನಿಯಂ-235ರ ಕೊಡುಗೆಯನ್ನು ಹಿಂದೆ ಹೆಚ್ಚಾಗಿ ಅಂದಾಜಿಸಲಾಗಿತ್ತೆಂದು ತೋರಿಸಿತು. ಫ್ರಾನ್ಸಿನ ಗ್ರೆನೋಬಲ್‌ನ ಸ್ಟೀರಿಯೋ ಪ್ರಯೋಗವು 2023ರಲ್ಲಿ ಈ ಕೊರತೆಗೆ ಹೊಸ ನ್ಯೂಟ್ರಿನೋ ಕಾರಣವೆಂಬ ವಾದವನ್ನು ತಳ್ಳಿಹಾಕಿತು. ಅಲ್ಲಿ ಹೆಸರಿಲ್ಲದ ಹಕ್ಕುದಾರ ಇರಲಿಲ್ಲ, ಲೋಪವಿದ್ದದ್ದು ಮೋಜಣಿಯಲ್ಲಿ.

ಸೇವೆಗಳಿಗೆ ಅರ್ಜಿ ಸಲ್ಲಿಸುವವರ ಗಮನಕ್ಕೆ

ಮೇಲೆ ವಿವರಿಸಿದ ತಿದ್ದುಪಡಿಗಳಿಂದ ವೈದ್ಯಕೀಯದಲ್ಲಿ, ಕೈಗಾರಿಕೆಯಲ್ಲಿ ಅಥವಾ ಪ್ರಾಚೀನ ವಸ್ತುಗಳ ಕಾಲನಿರ್ಣಯದಲ್ಲಿ ಬಳಸುವ ಅರ್ಧಾಯುಷ್ಯಗಳು ಬದಲಾಗುವುದಿಲ್ಲ. ಫ್ಲೋರಿನ್-18, ಕೋಬಾಲ್ಟ್-60, ಕಾರ್ಬನ್-14 ಮೊದಲಾದವುಗಳ ಅರ್ಧಾಯುಷ್ಯವನ್ನು ನೇರವಾಗಿ ಅಳೆದು ನಿಗದಿಪಡಿಸಲಾಗಿದೆ. ಅವುಗಳ ಹಿಂದಿರುವ ಕ್ವಾರ್ಕುಗಳ ಪಾಲನ್ನು ಬೇರ್ಪಡಿಸಿ ನೋಡುವಾಗ ಮಾತ್ರ ರಚನೆಯ ಲೆಕ್ಕ ಅಗತ್ಯವಾಗುತ್ತದೆ. ಆದ್ದರಿಂದ ಪೆಟ್ ಸ್ಕ್ಯಾನ್ ಮಾಡಿಸಿಕೊಳ್ಳುವವರು ಅಥವಾ ವಿಕಿರಣ ಚಿಕಿತ್ಸೆ ಪಡೆಯುವವರು ಈ ವಿಷಯವಾಗಿ ಸಂದೇಹ ಪಡಬೇಕಾಗಿಲ್ಲ.

ಎಕ್ಸ್-ರೇ ಘಟಕ, ವಿಕಿರಣ ಚಿಕಿತ್ಸಾ ಉಪಕರಣ ಅಥವಾ ವಿಕಿರಣಪಟು ಮೂಲಗಳನ್ನು ಹೊಂದಲು ಬಯಸುವ ಸಂಸ್ಥೆಗಳಿಗೆ ಅನುಮತಿ ನೀಡುವ ಅಧಿಕಾರವು ಮುಂಬಯಿಯಲ್ಲಿರುವ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯದಾಗಿರುತ್ತದೆ. ಇದಕ್ಕೆ ಸಂಬಂಧಿಸಿದ ಅರ್ಜಿಗಳನ್ನು ಮಂಡಳಿಯ ‘ಇ-ಲೋರಾ’ ಆನ್‌ಲೈನ್ ವ್ಯವಸ್ಥೆಯ ಮೂಲಕ ಸಲ್ಲಿಸತಕ್ಕದ್ದು.